ನುಡಿ ಕಡತದಿಂದ ಅರ್ಜಿಯ ಅಪ್‌ಲೋಡ್‌ವರೆಗೆ: ದಿನನಿತ್ಯದ ಕಂಪ್ಯೂಟರ್ ತೊಡಕುಗಳಿಗೆ ಕೆಲವು ಪರಿಹಾರಗಳು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಾಗಲಿ, ಹೈಸ್ಕೂಲ್ ಮೈದಾನದ ಸುತ್ತಮುತ್ತಲಾಗಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರೆ, ಕಂಪ್ಯೂಟರ್ ಕೆಟ್ಟಿತೆಂದು ಬಂದವರಿಗಿಂತ, ಹಳೆಯ ಕಡತ ಸರಿಯಾಗಿ ತೆರೆಯಲಿಲ್ಲ, ಫೋಟೊ ಅರ್ಜಿಯ ಅಳತೆಗೆ ಹೊಂದಲಿಲ್ಲ, ಮನೆಯ ಪ್ರಿಂಟರ್‌ನಿಂದ ಹಾಳೆ ಹೊರಗೆ ಬರಲಿಲ್ಲ ಎಂದು ಬಂದವರೇ ಹೆಚ್ಚಾಗಿ ಕಾಣುತ್ತಾರೆ. ಇಂಥ ತೊಡಕುಗಳಲ್ಲಿ ಬಹುಪಾಲನ್ನು ಕಂಪ್ಯೂಟರ್‌ನಲ್ಲಿ ಈಗಾಗಲೇ ಇರುವ ಸೌಲಭ್ಯಗಳಿಂದಲೋ, ಹಣ ಕೊಡದೆ ಸಿಗುವ ತಂತ್ರಾಂಶಗಳಿಂದಲೋ ಮನೆಯಲ್ಲೇ ಬಿಡಿಸಿಕೊಳ್ಳಬಹುದು. ಆದರೆ ಮೂಲ ಕಡತದ ಒಂದು ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿ ತೆಗೆದಿಟ್ಟ ನಂತರವೇ ಯಾವುದೇ ದುರಸ್ತಿಗೆ ಕೈಹಾಕಬೇಕು. ಕೆಳಗೆ ಹೇಳಿರುವ ಪ್ರತಿಯೊಂದು ಕೆಲಸಕ್ಕೂ ಈ ಷರತ್ತು ಅನ್ವಯಿಸುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅತಿ ಹೆಚ್ಚು ತಲೆನೋವು ತರುವುದು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳು. ಸಹಕಾರ ಸಂಘದ ನಡಾವಳಿ, ವಕೀಲರ ಕಚೇರಿಯ ಕ್ರಯಪತ್ರದ ಕರಡು, ಶಾಲೆಯ ಪ್ರಶ್ನೆಪತ್ರಿಕೆ ಇವೆಲ್ಲ ವರ್ಷಗಟ್ಟಲೆ ಆಸ್ಕಿ ಫಾಂಟುಗಳಲ್ಲಿಯೇ ಟೈಪ್ ಆಗಿವೆ. ಅಂಥ ಕಡತವನ್ನು ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಹಣದ ಚಿಹ್ನೆ ಹೀಗೆ ಏನೇನೋ ಕಾಣಿಸುತ್ತದೆ. ಕಡತ ಹಾಳಾಗಿದೆ ಎಂದು ಇದರಿಂದ ತಿಳಿಯಬೇಕಾಗಿಲ್ಲ. ಆ ಕಾಲದ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಉಳಿಸಿಕೊಂಡಿದ್ದೇ ಈ ಇಂಗ್ಲಿಷ್ ಸಂಕೇತಗಳನ್ನು. ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್ ಮಾತ್ರ. ಹೀಗಾಗಿ ಓದುವುದಷ್ಟೇ ಬೇಕಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಅದರ ಫಾಂಟುಗಳ ಸಮೇತ ಹಾಕಿಕೊಂಡರೆ ಸಾಕು, ಅಕ್ಷರಗಳು ಮರಳಿ ಕಾಣಿಸುತ್ತವೆ.

ಅದೇ ಪಠ್ಯವನ್ನು ಸರ್ಕಾರಿ ಜಾಲತಾಣದ ಅರ್ಜಿಯಲ್ಲಿ ಅಂಟಿಸಬೇಕಾದರೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕಾದರೆ ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆಗೆ) ಪರಿವರ್ತಿಸುವುದೊಂದೇ ದಾರಿ. ನುಡಿ ಮತ್ತು ಬರಹಗಳಲ್ಲಿ ಪರಿವರ್ತಕಗಳಿವೆ. ಸಂಚಯ ತಂಡದ ಆಸ್ಕಿಯಿಂದ ಯೂನಿಕೋಡ್ ಪರಿವರ್ತಕ ಬ್ರೌಸರ್‌ನಲ್ಲಿಯೇ ಕೆಲಸ ಮಾಡುತ್ತದೆ. ಬ್ರೌಸರ್‌ನ ಪೆಟ್ಟಿಗೆಗೆ ಅಂಟಿಸಿದಾಗ ಕೋಷ್ಟಕ, ದಪ್ಪಕ್ಷರ, ಅಂಚುಗಳೆಲ್ಲ ಕಳಚಿಹೋಗಿ ಬರೀ ಪಠ್ಯ ಉಳಿಯುವುದರಿಂದ, ಕೋಷ್ಟಕವಿರುವ ದಾಖಲೆಯನ್ನು ಒಂದೊಂದು ಅಂಕಣವಾಗಿ ಪರಿವರ್ತಿಸಿ ಮತ್ತೆ ಜೋಡಿಸಬೇಕಾಗುತ್ತದೆ. ಪರಿವರ್ತನೆಯಾದ ಮೇಲೆ ಮೂರು ಜಾಗಗಳನ್ನು ಕಣ್ಣಿಟ್ಟು ನೋಡಬೇಕು. ಮೊದಲನೆಯದು ಅರ್ಕಾವತ್ತು: ‘ಸೂರ್ಯ’, ‘ಕಾರ್ಯದರ್ಶಿ’, ‘ವರ್ಗಾವಣೆ’ಯಂಥ ಪದಗಳಲ್ಲಿ ರಕಾರ ತಪ್ಪು ಅಕ್ಷರಕ್ಕೆ ಹತ್ತಿಕೊಂಡಿರಬಹುದು. ಎರಡನೆಯದು ನಡುವೆ ಬಂದ ಇಂಗ್ಲಿಷ್. ಪ್ಯಾನ್ ಸಂಖ್ಯೆಯನ್ನೂ ಇಮೇಲ್ ವಿಳಾಸವನ್ನೂ ಪರಿವರ್ತಕವು ಕನ್ನಡದ ಸಂಕೇತಗಳೆಂದೇ ಭಾವಿಸಿ ಅರ್ಥವಿಲ್ಲದ ಒತ್ತಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಆದ್ದರಿಂದ ಅಂಥ ಸಾಲುಗಳನ್ನು ಮೊದಲೇ ಗುರುತಿಸಿ ಮೂಲದಿಂದ ನೇರವಾಗಿ ನಕಲಿಸಿಕೊಳ್ಳುವುದು ಕ್ಷೇಮ. ಮೂರನೆಯದು ಅಂಕಿಗಳು, ಸರ್ವೆ ನಂಬರ್, ಎಕರೆ, ಗುಂಟೆಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡದೆ ಕಡತವನ್ನು ಮುಂದಕ್ಕೆ ಕಳುಹಿಸಬಾರದು.

ಹಳೆಯ ದಾಖಲೆಗಳನ್ನು ತಿದ್ದುವಾಗ ‘ಫೈಂಡ್ ಅಂಡ್ ರಿಪ್ಲೇಸ್’ ಬಳಸಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಆಸೆ ಸಹಜ. ನಮ್ಮ ಜಿಲ್ಲೆಯ ಕಾಗದಪತ್ರಗಳ ವಿಷಯದಲ್ಲಿ ಇದು ಅಪಾಯಕಾರಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ದಾಖಲೆಯಲ್ಲಿ ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿಯೂ, ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಇರುವುದು ಸರಿಯೇ. ಅದನ್ನು ತಪ್ಪೆಂದು ಭಾವಿಸಿ ಎಲ್ಲ ಕಡೆಯೂ ‘ದಾವಣಗೆರೆ ಜಿಲ್ಲೆ’ ಎಂದು ಬದಲಿಸಿದರೆ, ಮೂಲ ಪತ್ರದ ಉಲ್ಲೇಖವೇ ಸುಳ್ಳಾಗುತ್ತದೆ. ಒಂದೊಂದು ಜಾಗದಲ್ಲೂ ನಿಲ್ಲಿಸಿ, ಓದಿ, ಒಪ್ಪಿಗೆಯಾದರೆ ಮಾತ್ರ ಬದಲಿಸಬೇಕು.

ಹೊಸದಾಗಿ ಟೈಪ್ ಮಾಡುವುದನ್ನಾದರೂ ಯೂನಿಕೋಡ್‌ನಲ್ಲಿಯೇ ಮಾಡಿದರೆ ಈ ಪರಿವರ್ತನೆಯ ಕಷ್ಟ ಇರುವುದಿಲ್ಲ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, 2019ರ ನಂತರದ ಆವೃತ್ತಿಗಳಲ್ಲಿ ಉಚ್ಚಾರಣೆ ಆಧಾರಿತ ಕೀಲಿಮಣೆಯೂ ಸಿಗುತ್ತವೆ. ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿಯ ವಿನ್ಯಾಸಕ್ಕೆ ಬೆರಳು ಒಗ್ಗಿಹೋದವರು ಅದನ್ನು ಬಿಡಬೇಕಾಗಿಲ್ಲ, ನುಡಿಯಲ್ಲಿಯೇ ಯೂನಿಕೋಡ್ ಆಯ್ಕೆ ಮಾಡಿಕೊಂಡರಾಯಿತು.

ಇನ್ನು ಕಾಗದ ಮಾತ್ರ ಉಳಿದು ಕಡತ ಕಳೆದುಹೋಗಿದ್ದರೆ, ಅಥವಾ ಪಿಡಿಎಫ್‌ನಿಂದ ನಕಲಿಸಿದ ಕನ್ನಡ ಚೆಲ್ಲಾಪಿಲ್ಲಿಯಾಗಿ ಅಂಟಿಕೊಳ್ಳುತ್ತಿದ್ದರೆ, ಪುಟದ ಸ್ಪಷ್ಟ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುವಂತೆ ಹೇಳಬೇಕು. ಚಿತ್ರದ ಕೆಳಗೆ ಕನ್ನಡ ಪಠ್ಯ ಮೂಡುತ್ತದೆ. ಪುಟ ನೇರವಾಗಿದ್ದು, ಬೆಳಕು ಒಂದೇ ಸಮನಾಗಿದ್ದರೆ ತಪ್ಪುಗಳು ಕಡಿಮೆ. ಅಂತರ್ಜಾಲಕ್ಕೆ ಏರಿಸಲಾಗದ ದಾಖಲೆಯಾದರೆ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ನಮ್ಮ ಕಂಪ್ಯೂಟರ್‌ನಲ್ಲಿಯೇ ಓದಬಲ್ಲದು, ಅದನ್ನು ಹೊಂದಿಸಿಕೊಳ್ಳಲು ಮಾತ್ರ ಸ್ವಲ್ಪ ತಾಳ್ಮೆ ಬೇಕು.

ಅರ್ಜಿಗಳ ಕಾಲ ಬಂದಾಗ ಎಲ್ಲರನ್ನೂ ಕಾಡುವುದು ಅಳತೆಯ ಮಿತಿ. ಫೋಟೊ 50 ಕೆಬಿ ಮೀರಬಾರದು, ಸಹಿ 20 ಕೆಬಿ ಮೀರಬಾರದು ಎಂಬಂಥ ಸೂಚನೆ ಕಂಡ ಕೂಡಲೇ ‘ಉಚಿತ ಕಂಪ್ರೆಸರ್’ ಎಂದು ಹುಡುಕಿ, ಸಿಕ್ಕ ಮೊದಲ ತಾಣಕ್ಕೆ ಆಧಾರ್ ಪ್ರತಿಯನ್ನೂ ಅಂಕಪಟ್ಟಿಯನ್ನೂ ಏರಿಸುವ ರೂಢಿ ನನಗೆ ಸ್ವಲ್ಪವೂ ಒಪ್ಪಿಗೆಯಾಗದ ಸಂಗತಿ. ಇದಕ್ಕೆ ವಿಂಡೋಸ್‌ನ ಪೇಂಟ್ ಸಾಕು. ಮೊಬೈಲ್‌ನಲ್ಲಿ ತೆಗೆದ ಚಿತ್ರ 4,000ಕ್ಕೆ 3,000 ಪಿಕ್ಸೆಲ್ ಇದ್ದರೆ ಅದರಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಅದನ್ನು 400ಕ್ಕೆ 300ಕ್ಕೆ ಇಳಿಸಿದರೆ ಚುಕ್ಕೆಗಳು ನೂರನೇ ಒಂದು ಪಾಲಾಗುತ್ತವೆ, ಕಡತದ ತೂಕವೂ ಅದರೊಂದಿಗೆ ಇಳಿಯುತ್ತದೆ. ಮೊದಲು ಮುಖದ ಸುತ್ತಲಿನ ಗೋಡೆ, ಪರದೆಗಳನ್ನು ಕತ್ತರಿಸಿ, ಆಮೇಲೆ ‘ರೀಸೈಜ್’ನಲ್ಲಿ ಪಿಕ್ಸೆಲ್ ಆಯ್ದು ಅಗಲ ಕೊಟ್ಟು, ಜೆಪೆಗ್ ಆಗಿ ಹೊಸ ಹೆಸರಿನಲ್ಲಿ ಉಳಿಸಬೇಕು. ಮಿತಿಯ ಹತ್ತಿರ ಬಂದು ನಿಂತರೆ ಇರ್ಫಾನ್‌ವ್ಯೂ ತಂತ್ರಾಂಶದಲ್ಲಿ ಉಳಿಸುವಾಗ ಗುಣಮಟ್ಟದ ಅಂಕಿಯನ್ನು 100ರಿಂದ 80ಕ್ಕೋ 70ಕ್ಕೋ ತಗ್ಗಿಸಿ ನೋಡಬಹುದು. ಕೆಲವು ತಾಣಗಳು ಕನಿಷ್ಠ ಮಿತಿಯನ್ನೂ ಇಟ್ಟಿರುವುದರಿಂದ ತೀರ ಕುಗ್ಗಿಸಿದ ಚಿತ್ರವೂ ತಿರಸ್ಕಾರಗೊಳ್ಳಬಹುದು. ಆಗ ಕುಗ್ಗಿದ ಚಿತ್ರವನ್ನೇ ಹಿಗ್ಗಿಸದೆ ಮೂಲದಿಂದ ಮತ್ತೆ ಆರಂಭಿಸಬೇಕು.

ಪಿಡಿಎಫ್ ದೊಡ್ಡದಾಗುವುದು ಬಹುಮಟ್ಟಿಗೆ ಸ್ಕ್ಯಾನ್ ಮಾಡುವ ಹೊತ್ತಿನಲ್ಲಿಯೇ. ಎ4 ಹಾಳೆಯನ್ನು 200 ಡಿಪಿಐಯಲ್ಲಿ (ಅಂಗುಲಕ್ಕೆ 200 ಚುಕ್ಕೆಯಂತೆ) ಸ್ಕ್ಯಾನ್ ಮಾಡಿದರೆ ಸುಮಾರು 1,654ಕ್ಕೆ 2,339 ಪಿಕ್ಸೆಲ್ ಬರುತ್ತದೆ, ಓದಲು ಅದು ಧಾರಾಳ. 600 ಡಿಪಿಐ ಇಟ್ಟರೆ ಚುಕ್ಕೆಗಳು ಒಂಬತ್ತು ಪಟ್ಟು ಹೆಚ್ಚುತ್ತವೆಯೇ ಹೊರತು ಜಾತಿ ಪ್ರಮಾಣಪತ್ರದ ಅಕ್ಷರಗಳು ಒಂಬತ್ತು ಪಟ್ಟು ಚೆನ್ನಾಗಿ ಕಾಣುವುದಿಲ್ಲ. ಬಣ್ಣ ಅನಿವಾರ್ಯವಲ್ಲದ ಪುಟಗಳಿಗೆ ಬೂದು ಬಣ್ಣದ ಆಯ್ಕೆ ಸಾಕು. ಈಗಾಗಲೇ ದೊಡ್ಡದಾಗಿರುವ ಕಡತವನ್ನು ಕಂಪ್ಯೂಟರ್‌ನಲ್ಲಿಯೇ ಕುಗ್ಗಿಸಲು ಪಿಡಿಎಫ್24 ಕ್ರಿಯೇಟರ್ ಅನುಕೂಲ, ಪುಟಗಳನ್ನು ಕೂಡಿಸುವುದಕ್ಕೂ ಬಿಡಿಸುವುದಕ್ಕೂ ಅದೇ ಆಗುತ್ತದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ತಂತ್ರಾಂಶದ ಡ್ರಾದಲ್ಲಿ ಪಿಡಿಎಫ್ ತೆರೆದು ಚಿತ್ರಗಳ ಸಾಂದ್ರತೆ ಇಳಿಸಿ ಮತ್ತೆ ರಫ್ತು ಮಾಡುವ ಉಪಾಯವೂ ಇದೆ, ಆದರೆ ಅದನ್ನು ಸ್ಕ್ಯಾನ್ ಮಾಡಿದ ಪುಟಗಳಿಗಷ್ಟೇ ಬಳಸುವುದು ಒಳ್ಳೆಯದು. ಕನ್ನಡ ಪಠ್ಯವಿರುವ ಪಿಡಿಎಫ್ ಅಲ್ಲಿ ಒತ್ತಕ್ಷರಗಳನ್ನು ಕಳೆದುಕೊಳ್ಳುವ ಸಂಭವವಿದೆ.

ಡೌನ್‌ಲೋಡ್ ಮಾಡಿದ ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇರುವುದರಿಂದ ಅನೇಕ ತಾಣಗಳು ಅದನ್ನು ಸ್ವೀಕರಿಸುವುದಿಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ ಸೇರಿಸಿ ಕಡತವನ್ನು ಬ್ರೌಸರ್‌ನಲ್ಲಿ ತೆರೆದು, ಪ್ರಿಂಟ್ ಕೊಟ್ಟು, ಪ್ರಿಂಟರ್ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆಯ್ದರೆ ಪಾಸ್‌ವರ್ಡ್ ಇಲ್ಲದ ಪ್ರತಿ ಸಿದ್ಧವಾಗುತ್ತದೆ. ಹೀಗೆ ಮಾಡಿದ ಪ್ರತಿಯಲ್ಲಿ ಡಿಜಿಟಲ್ ಸಹಿ ಉಳಿಯುವುದಿಲ್ಲವಾದ್ದರಿಂದ ಮೂಲವನ್ನು ಅಳಿಸಬಾರದು. ಪೂರ್ಣ ಸಂಖ್ಯೆ ಕೇಳದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಕೊಡುವುದೇ ಲೇಸು.

ಅಂಗಡಿಯಲ್ಲಿ ಮುದ್ರಿಸಲು ಕೊಡುವಾಗ ವರ್ಡ್ ಕಡತ ಕೊಡದೆ ಪಿಡಿಎಫ್ ಕೊಡಬೇಕು, ಏಕೆಂದರೆ ನಮ್ಮ ಫಾಂಟ್ ಅವರಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ. ಪಿಡಿಎಫ್ ತನ್ನ ಫಾಂಟನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳುಹಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಗುಣಮಟ್ಟ ಕುಸಿಯುವುದಿಲ್ಲ. ಅಲ್ಲಿನ ಕಂಪ್ಯೂಟರ್‌ನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ, ಹೊರಡುವ ಮುನ್ನ ಮೊಬೈಲ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಲಾಗ್ ಔಟ್ ಮಾಡಬೇಕು. ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಮರಳಿದ ಮೇಲೆ ಕಡತಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಕಂಡರೆ ಯಾವುದನ್ನೂ ಡಬಲ್ ಕ್ಲಿಕ್ ಮಾಡಬಾರದು. ವಿಂಡೋಸ್ ಸೆಕ್ಯುರಿಟಿಯಿಂದ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಸಿ, ಆಮೇಲೆ ಫೋಲ್ಡರ್ ಆಯ್ಕೆಗಳಲ್ಲಿ ಅಡಗಿದ ಕಡತಗಳನ್ನು ತೋರಿಸುವಂತೆಯೂ, ಸಂರಕ್ಷಿತ ಸಿಸ್ಟಮ್ ಕಡತಗಳನ್ನು ಅಡಗಿಸದಂತೆಯೂ ಹೇಳಿದರೆ ಮೂಲ ಕಡತಗಳು ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ.

ಮನೆಯ ಪ್ರಿಂಟರ್‌ನಲ್ಲಿ ಒಂದು ಕೆಲಸ ಸಿಕ್ಕಿಕೊಂಡು, ರದ್ದು ಮಾಡಿದರೂ ಹೋಗದೆ, ಹಿಂದಿನವನ್ನೆಲ್ಲ ತಡೆದು ನಿಂತರೆ, ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಹುಡುಕಿ ತೆರೆದು, ಮುದ್ರಣದ ಸರದಿಯನ್ನು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಮೇಲೆ ಬಲ ಕ್ಲಿಕ್ ಮಾಡಿ ನಿಲ್ಲಿಸಬೇಕು. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಆ ಕೊನೆಯ ಫೋಲ್ಡರನ್ನು ಉಳಿಸಿ ಅದರ ಒಳಗಿರುವುದನ್ನು ಮಾತ್ರ ಅಳಿಸಿ, ಸ್ಪೂಲರನ್ನು ಮತ್ತೆ ಆರಂಭಿಸಿದರೆ ಸರದಿ ಖಾಲಿಯಾಗುತ್ತದೆ. ಇದನ್ನು ಬಲ್ಲವರಿಗೆ ಎರಡು ನಿಮಿಷದ ಕೆಲಸ, ಅರಿಯದವರು ಪ್ರಿಂಟರನ್ನೇ ದುರಸ್ತಿಗೆ ಹೊತ್ತೊಯ್ಯುತ್ತಾರೆ.

ಬೇಸಿಗೆಯಲ್ಲಿ ವಿದ್ಯುತ್ ಕೈಕೊಡುವುದು ನಮ್ಮ ಕಡೆ ಹೊಸತಲ್ಲ. ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡರಲ್ಲೂ ತಾನೇ ಉಳಿಸಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ನಡೆಯುತ್ತದೆ. ಆಯ್ಕೆಗಳಲ್ಲಿ ಅದನ್ನು 2 ನಿಮಿಷಕ್ಕೆ ಇಳಿಸಿಕೊಳ್ಳಬೇಕು. ಕಡತಕ್ಕೆ ಹೆಸರನ್ನೇ ಕೊಡದೆ ಕಳೆದುಕೊಂಡಿದ್ದರೆ, ವರ್ಡ್‌ನಲ್ಲಿ ಫೈಲ್, ಇನ್ಫೊ, ಮ್ಯಾನೇಜ್ ಡಾಕ್ಯುಮೆಂಟ್ ದಾರಿಯಲ್ಲಿ ಹೋಗಿ ಉಳಿಸದ ಕಡತಗಳನ್ನು ಹುಡುಕಬಹುದು. ಪೆನ್‌ಡ್ರೈವ್‌ನಿಂದ ಅಳಿಸಿದ ಕಡತ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಅದು ಬೇಕಾದರೆ ಆ ಪೆನ್‌ಡ್ರೈವ್‌ಗೆ ಬೇರೇನನ್ನೂ ಬರೆಯದೆ, ಅಳಿಸಿದ್ದನ್ನು ಮರಳಿ ಹುಡುಕುವ ತಂತ್ರಾಂಶಗಳಾದ ರೆಕುವಾ ಅಥವಾ ಫೋಟೊರೆಕ್ ಓಡಿಸಿ, ಸಿಕ್ಕಿದ್ದನ್ನು ಬೇರೆ ಡ್ರೈವ್‌ನಲ್ಲಿ ಉಳಿಸಬೇಕು. ಹಾರ್ಡ್ ಡಿಸ್ಕ್ ಬದಲು ಹೊಸ ಕಂಪ್ಯೂಟರ್‌ಗಳಲ್ಲಿ ಬರುವ ಎಸ್‌ಎಸ್‌ಡಿಯಿಂದ ಅಳಿಸಿದ್ದು ಹೀಗೆ ಸಿಗುವ ಭರವಸೆ ತೀರ ಕಡಿಮೆ. ಅಳಿಸದೆ, ಎಲ್ಲಿಟ್ಟಿದ್ದೇವೆಂಬುದನ್ನು ಮಾತ್ರ ಮರೆತಿದ್ದರೆ ‘ಎವೆರಿಥಿಂಗ್’ ಎಂಬ ಪುಟ್ಟ ತಂತ್ರಾಂಶ ಹೆಸರಿನ ಒಂದು ತುಣುಕು ಕೊಟ್ಟರೂ ಕ್ಷಣದಲ್ಲಿ ತೋರಿಸುತ್ತದೆ.

ಕಂಪ್ಯೂಟರ್ ಮಂದವಾಗಿದೆ ಎಂದಾಗ ಮೊದಲು ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿ ನೋಡಬೇಕು. ಬೇಗ ಆರಂಭವಾಗಲೆಂದು ಹಿಂದಿನ ಸ್ಥಿತಿಯ ಒಂದಷ್ಟನ್ನು ಉಳಿಸಿಕೊಳ್ಳುವ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್‌ನಲ್ಲಿ ಶಟ್‌ಡೌನ್ ಪೂರ್ತಿ ಹೊಸ ಆರಂಭವಲ್ಲ, ರೀಸ್ಟಾರ್ಟ್ ಮಾತ್ರ ಹಾಗೆ. ಬಳಿಕ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಬೇಕು, ವಿಜ್‌ಟ್ರೀ ಬಳಸಿ ಜಾಗ ತಿಂದ ಫೋಲ್ಡರ್ ಯಾವುದೆಂದು ನೋಡಬೇಕು. ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ’ ಎಂದು ಪದೇ ಪದೇ ಏಳುವ ಸೂಚನೆಗಳು ಬಹುತೇಕ ಯಾವುದೋ ತಾಣಕ್ಕೆ ನಾವೇ ಕೊಟ್ಟ ನೋಟಿಫಿಕೇಶನ್ ಅನುಮತಿಯ ಫಲ. ಬ್ರೌಸರ್‌ನ ಸೈಟ್ ಸೆಟ್ಟಿಂಗ್‌ನಲ್ಲಿ ಆ ಅನುಮತಿ ತೆಗೆದರೆ ಅವು ನಿಲ್ಲುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ರ ಅರ್ಹತೆ ಪಡೆಯುವುದಿಲ್ಲ. ಅಂಥ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟನ್ನು ಪರೀಕ್ಷಿಸುವುದು ನನ್ನ ಸಲಹೆ. ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕ್‌ನಲ್ಲಿರುವುದು ಹಾಗೆಯೇ ಇರುತ್ತದೆ. ಅದರ ಕೀಲಿಮಣೆ ಪಟ್ಟಿಯಲ್ಲಿ ನುಡಿಯಲ್ಲಿರುವಂಥ ಕನ್ನಡದ ಕಗಪ ವಿನ್ಯಾಸವೂ ಇರುವುದರಿಂದ ನುಡಿ ಬಲ್ಲವರು ಹೊಸದಾಗಿ ಕಲಿಯಬೇಕಾದ್ದು ಹೆಚ್ಚೇನಿಲ್ಲ. ಆದರೆ ಸ್ಥಾಪಿಸುವ ಮುನ್ನ, ಪೆನ್‌ಡ್ರೈವ್‌ನಿಂದ ಓಡುತ್ತಿರುವಾಗಲೇ ನಿಮ್ಮ ಪ್ರಿಂಟರ್, ಸ್ಕ್ಯಾನರ್ ಮತ್ತು ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಇಟ್ಟಿರುವ ಯುಎಸ್‌ಬಿ ಸಾಧನ) ಅದರಲ್ಲಿ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಿ. ಟೋಕನ್ ಒಗ್ಗದಿದ್ದರೆ ಆ ಒಂದು ಕೆಲಸಕ್ಕೆ ವಿಂಡೋಸ್ ಇರುವ ಇನ್ನೊಂದು ಯಂತ್ರವನ್ನು ಇಟ್ಟುಕೊಳ್ಳಲೇಬೇಕಾಗುತ್ತದೆ.