ರೊಟ್ಟಿ ಬಡಿಯುವ ಕೈಗೆ ಫಿಸಿಯೋಥೆರಪಿ: ನನ್ನ ಅನುಭವ

ಧಾರವಾಡದ ಕಡೆ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಲಕ್ವ ಹೊಡೆದವರೇ ಜಾಸ್ತಿ ಬರುತ್ತಾರೆ. ಎಲ್ಲರಿಗೂ ಒಂದೇ ವ್ಯಾಯಾಮದ ಹಾಳೆ ಕೊಟ್ಟು ಕಳಿಸಿಬಿಡಬಹುದು. ಮನೆಗೆ ಹೋಗಿ ಯಾರು ಮಾಡ್ತಾರೆ ಹೇಳಿ? ಅದಕ್ಕೇ ನನ್ನ ಅಧ್ಯಯನದಲ್ಲಿ ಒಬ್ಬೊಬ್ಬರಿಗೂ ಬೇರೆ ಗುರಿ ಇಟ್ಟು, ಅವರವರ ಅಳತೆಯನ್ನು ಅವರವರ ಹಳೆಯ ಅಳತೆಯ ಜೊತೆಗೇ ಹೋಲಿಸಿದೆ.

ಅಮೆರಿಕದ ಎಡ್ವರ್ಡ್ ಟೌಬ್ ರೂಪಿಸಿದ ಒಂದು ಪದ್ಧತಿಯಿದೆ. ಸರಿಯಿರುವ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಲಕ್ವ ಹೊಡೆದ 222 ರೋಗಿಗಳ ಮೇಲೆ ನಡೆದ ಎಕ್ಸೈಟ್ (EXCITE) ಎಂಬ ಅಧ್ಯಯನ 2006ರಲ್ಲಿ ಇದರ ಉಪಯೋಗ ತೋರಿಸಿತು. ಅಲ್ಲಿ ಎರಡು ವಾರ, ಎಚ್ಚರವಿರುವಷ್ಟೂ ಹೊತ್ತಿನ 90% ಗವಸು ಇರಬೇಕಿತ್ತು. ನಮ್ಮ ಬಚ್ಚಲಿನ ಒದ್ದೆ ನೆಲದ ಮೇಲೆ ಒಳ್ಳೆಯ ಕೈ ಕಟ್ಟಿಕೊಂಡು ಓಡಾಡಿದರೆ ಸೊಂಟ ಮುರಿಯುತ್ತೆ, ಅಷ್ಟೇ. ಕೂತು ಅಭ್ಯಾಸ ಮಾಡುವಾಗ ಮಾತ್ರ ಗವಸು ಹಾಕಿಸಿದೆ.

ಸೋತ ಕೈ ದಿನದ ಕೆಲಸಕ್ಕೆ ಎಷ್ಟು ಬರುತ್ತೆ ಅಂತ ಕೇಳುವ ಪ್ರಶ್ನಾವಳಿಗಳದ್ದೂ ಇದೇ ಕಥೆ, ನಮ್ಮ ಮನೆಗಳಿಗೆ ಹೊಂದಲ್ಲ. ಕಾಲುಚೀಲ, ಫೋರ್ಕು, ಸ್ಯಾಂಡ್‌ವಿಚ್! ನಾನು ಸುಮ್ನೆ ಕೇಳಿದೆ, 'ಅವ್ವಾ, ಈ ಕೈಲೆ ಮೊದಲು ಏನ್ ಮಾಡಬೇಕು ಅನಸ್ತೈತಿ?' 'ರೊಟ್ಟಿ ಬಡೀಬೇಕ್ರಿ' ಅಂದರು ಒಬ್ಬರು.

ಅವರ ಸೋತ ಬಲಗೈ ರೊಟ್ಟಿ ಬಡಿಯಬೇಕಾದರೆ ಬೆರಳು ಬಿಚ್ಚಿರಬೇಕು, ಮಣಿಕಟ್ಟು ಮೇಲೆ ಏಳಬೇಕು. ಲಕ್ವದ ಕೈಗೆ ಇವೆರಡೇ ಕಷ್ಟ. ಮುಷ್ಟಿ ಬಿಗಿದುಕೊಳ್ಳುತ್ತೆ, ಕೈ ಬದಲು ಮೈಯೇ ಮುಂದಕ್ಕೆ ಬಾಗುತ್ತೆ. ಮೊದಲು ಟೇಬಲ್ ಮೇಲೆ ಹಿಟ್ಟು ಹರಡಿ ಅಂಗೈ ಜಾರಿಸುವುದು. ಆಮೇಲೆ ಮೆತ್ತನೆ ಹಿಟ್ಟಿನ ಉಂಡೆ ಒತ್ತುವುದು. ಇವಿಷ್ಟು ಗವಸು ಹಾಕಿಕೊಂಡು. ಕೊನೆಗೆ ಗವಸು ತೆಗೆದು, ನೆಲದಲ್ಲಿ ಕೂತು, ಎಡಗೈಯಿಂದ ತಿರುಗಿಸುತ್ತಾ ಬಡಿಯುವುದು. ಒತ್ತಡ ಹೆಚ್ಚು ಕಡಿಮೆ ಆದರೆ ರೊಟ್ಟಿ ಅಂಚು ಸೀಳುತ್ತೆ. ಅವರೇ ನೋಡಿ ತಿದ್ದಿಕೊಳ್ಳುತ್ತಿದ್ದರು, ನಾನು ಬಾಯಿ ಬಿಡುವ ಮುಂಚೆಯೇ.

ಆ ಸೀಳನ್ನೇ ಅಳತೆಗೆ ಇಟ್ಟುಕೊಳ್ಳೋಣ ಅನಿಸಿತ್ತು. ಆದರೆ ಹಿಟ್ಟು ಹಳೆಯದಾದರೂ ಸೀಳುತ್ತೆ, ನೀರು ಸರಿಯಾಗಿ ಕಾಯದಿದ್ದರೂ ಸೀಳುತ್ತೆ. ಹೀಗಾಗಿ ಅಳತೆಗೆ ಮರದ ಚಿಕ್ಕ ಚೌಕ ತುಂಡುಗಳ ಪರೀಕ್ಷೆಯನ್ನೇ ಇಟ್ಟೆ: 60 ಸೆಕೆಂಡಿನಲ್ಲಿ ಪೆಟ್ಟಿಗೆಯ ಈ ಭಾಗದಿಂದ ಆ ಭಾಗಕ್ಕೆ ಎಷ್ಟು ತುಂಡು ಹಾಕುತ್ತಾರೆ ಅಂತ. ಎಣಿಸಿದ್ದು ನಾನಲ್ಲ, ಚಿಕಿತ್ಸೆ ಶುರುವಾಗಿದೆಯೋ ಇಲ್ಲವೋ ಅಂತ ಗೊತ್ತಿಲ್ಲದ ಇನ್ನೊಬ್ಬ ಫಿಸಿಯೋ.

ಚಿಕಿತ್ಸೆಗೆ ಮೊದಲೇ ಹಲವು ಸಲ ಅಳೆಯುವುದು ಬಹಳ ಮುಖ್ಯ. ಲಕ್ವ ಆದ ಮೊದಲ ತಿಂಗಳುಗಳಲ್ಲಿ ಕೈ ತಾನಾಗಿಯೇ ಸ್ವಲ್ಪ ಸುಧಾರಿಸುತ್ತೆ. ಅದನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಾರದು ಅಲ್ವಾ? ಅದಕ್ಕೇ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ಚಿಕಿತ್ಸೆ ಶುರು ಮಾಡಿದೆ. ಅಳತೆಗಳ ಗ್ರಾಫಿನ ಗೆರೆ ಮೇಲೇರುವುದು ಪ್ರತಿಯೊಬ್ಬರಲ್ಲೂ ಚಿಕಿತ್ಸೆ ಶುರುವಾದ ಮೇಲೆಯೇ ಆದರೆ ಮಾತ್ರ ನಂಬಬಹುದು.

ರೊಟ್ಟಿ ಬಡಿಯಬೇಕು ಅಂದ ತಾಯಿಯ ಗೆರೆ ಚಿಕಿತ್ಸೆಗೆ ಮುಂಚೆ ಸಪಾಟಾಗಿತ್ತು, ಆಮೇಲೆ ಏರಿತು. ಕತ್ತರಿ ಹಿಡಿಯಬೇಕು ಅಂದ ಟೇಲರ್ ಒಬ್ಬರದ್ದು ಅಷ್ಟು ಏರಲಿಲ್ಲ. ಅವರ ಹೆಬ್ಬೆರಳಿಗೆ ಬಲ ಬರುವ ಮುಂಚೆ ಕತ್ತರಿ ಕೊಡುವುದರಲ್ಲಿ ಅರ್ಥವಿಲ್ಲ. ಈಗ ಬಟ್ಟೆ ಒಗೆದು ಒಣಹಾಕುವ ಕ್ಲಿಪ್ಪುಗಳಿಂದ ಶುರು ಮಾಡಿದ್ದೇವೆ.