ಬಿಸಿಲೂರಿಗೆ ಒಂದು ಸಣ್ಣ ಗಿಟಾರ್

ಅಂಗಡಿಯಲ್ಲಿ ಅಕೌಸ್ಟಿಕ್ ಗಿಟಾರ್ ಕೇಳಿದರೆ ಸಾಮಾನ್ಯವಾಗಿ ಮೊದಲು ಕೈಗೆ ಕೊಡೋದು ಡ್ರೆಡ್‌ನಾಟ್. ದೊಡ್ಡ ಬಾಡಿ, ಗುಂಯ್ ಅನ್ನೋ ಬೇಸ್. ನಿಂತು ಜೋರಾಗಿ ಸ್ಟ್ರಮ್ ಮಾಡುವವರಿಗೆ ಸರಿ. ನಾನು ಮಂಚದ ಮೇಲೆ ಕೂತು ಬೆರಳಲ್ಲಿ ಮೀಟುತ್ತಾ ದಾಸರ ಪದ ಹಾಡಿಕೊಳ್ಳುವವನು. ಡ್ರೆಡ್‌ನಾಟ್ ಹಿಡಿದರೆ ಬಲಭುಜ ನೋಯುತ್ತದೆ, ಆ ಬೇಸ್‌ನಲ್ಲಿ ನನ್ನ ದನಿ ಮುಳುಗುತ್ತದೆ.

ನಾಲ್ಕಾರು ಮಾಡೆಲ್ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ರಾಯಚೂರಿನಿಂದ ರೈಲು ಹತ್ತಿ ಹೈದರಾಬಾದಿಗೆ ಹೋದೆ, ಜೇಬಲ್ಲಿ ಅಳತೆ ಟೇಪು ಇಟ್ಟುಕೊಂಡು. ಪಾರ್ಲರ್, ಕನ್ಸರ್ಟ್, ಆಡಿಟೋರಿಯಂ ಅಂತ ಒಂದೊಂದು ಕಂಪನಿ ಒಂದೊಂದು ಅಳತೆಗೆ ಹೆಸರಿಡುತ್ತದೆ. ಹೆಸರು ನಂಬಿದರೆ ಆಗಲ್ಲ. ಮಾರ್ಟಿನ್ ಕಂಪನಿಯ ಲೆಕ್ಕದಲ್ಲಿ 000 ಅನ್ನೋ ಸಣ್ಣ ಸೈಜಿನ ಕೆಳಭಾಗದ ಅಗಲ 15 ಇಂಚು, ಡ್ರೆಡ್‌ನಾಟ್‌ನದು 15⅝. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಆದರೆ ಬಾಡಿಯ ಆಳ ನೋಡಿ: 4⅛ ಎದುರಿಗೆ 4⅞. ಸೊಂಟವೂ ಸಣ್ಣದು, ತೊಡೆ ಮೇಲೆ ಇಟ್ಟರೆ ಜಾರದೆ ಕೂರುತ್ತದೆ. ಭುಜಕ್ಕೆ ಆರಾಮ ಸಿಗೋದು ಇಲ್ಲಿಂದಲೇ.

ಆಮೇಲೆ ತಂತಿಯ ಉದ್ದ, ಅಂದರೆ ಸ್ಕೇಲ್. ಯಮಹಾ ಎಫ್‌ಜಿ800ರಲ್ಲಿ ಅದು 650 ಮಿ.ಮೀ., ಅದರ ಸಣ್ಣ ಬಾಡಿಯ ಜೊತೆಗಾರ ಎಫ್‌ಎಸ್800ರಲ್ಲಿ 634. ಅದೇ ತಂತಿ, ಅದೇ ಶ್ರುತಿ ಇದ್ದರೂ ಗಿಡ್ಡ ಸ್ಕೇಲ್‌ನಲ್ಲಿ ಬಿಗಿ ಕಡಿಮೆ. ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ನಟ್ ಅಂದರೆ ಗಿಟಾರಿನ ನೆಕ್ಕಿನ (ಕುತ್ತಿಗೆಯ) ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ. ಅದರ ಅಗಲವನ್ನು ಮಾತ್ರ ಕಾಗದದ ಮೇಲೆ ನೋಡಿ ತೀರ್ಮಾನಿಸಬೇಡಿ. ನನ್ನ ಬೆರಳು ದಪ್ಪ. ಸಿ ಮೇಜರ್ ಕಾರ್ಡ್ ಹಿಡಿದು ಒಂದೊಂದೇ ತಂತಿ ಮೀಟಿದೆ. ತೋರುಬೆರಳು ಎರಡನೇ ತಂತಿಯ ಮೇಲಿರುತ್ತದಲ್ಲ, ಅದು ಪಕ್ಕದ ಒಂದನೇ ತಂತಿಗೆ ತಾಗಿದರೆ ಆ ತಂತಿ ‘ಥಪ್’ ಅನ್ನುತ್ತದೆ. 43 ಮಿ.ಮೀ. ನಟ್‌ನಲ್ಲಿ ಹಾಗೇ ಆಯಿತು, 44.5ರಲ್ಲಿ ಆಗಲಿಲ್ಲ. ಅಲ್ಲಿಗೆ ಅರ್ಧ ಗಿಟಾರುಗಳು ಪಟ್ಟಿಯಿಂದ ಹೊರಬಿದ್ದವು. ಉಳಿದವನ್ನು ಅಂಗಡಿ ಹುಡುಗನ ಕೈಗೆ ಕೊಟ್ಟು ನಾನು ಎದುರಿಗೆ ಕೂತೆ. ನುಡಿಸುವವನಿಗಿಂತ ಎದುರು ಕೂತವನಿಗೇ ಗಿಟಾರಿನ ದನಿ ಚೆನ್ನಾಗಿ ತಿಳಿಯೋದು.

ಮರದ ವಿಷಯಕ್ಕೆ ನಮ್ಮೂರಿನ ಹವೆ ಲೆಕ್ಕಕ್ಕೆ ಬರುತ್ತದೆ. ಗಿಟಾರಿಗೆ ಸುಮಾರು 45ರಿಂದ 55 ಶೇಕಡಾ ತೇವಾಂಶ ಹಿತ. ರಾಯಚೂರಿನ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟಿದ ಒಣ ಬಿಸಿಲು. ಮರ ಕುಗ್ಗಿ, ನೆಕ್ಕಿನ ಅಂಚಲ್ಲಿ ಫ್ರೆಟ್‌ಗಳ, ಅಂದರೆ ಅಡ್ಡ ಲೋಹದ ಪಟ್ಟಿಗಳ ತುದಿ ಹೊರಬಂದು ಕೈಗೆ ಚುಚ್ಚುತ್ತವೆ. ಹಾಗಂತ ರಾತ್ರಿಯಿಡೀ ಏರ್ ಕೂಲರ್ ಮುಂದೆ ಇಟ್ಟರೆ ತೇವ ಹೀರಿ ಮರ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒತ್ತೋಕೆ ಕಷ್ಟ. ಇಡೀ ಸಾಲಿಡ್ ಮರದ, ಅಂದರೆ ಪದರ ಅಂಟಿಸದ ಹಲಗೆಯ ಗಿಟಾರಿನ ದನಿ ಚೆಂದ, ನಿಜ. ಆದರೆ ನಮ್ಮಂಥ ಊರಲ್ಲಿ ಅದನ್ನು ಸಾಕೋದು ದೊಡ್ಡ ಕೆಲಸ. ಮೇಲ್ಹಲಗೆ ಸಾಲಿಡ್ ಸ್ಪ್ರೂಸ್ ಮರ, ಪಕ್ಕ ಮತ್ತು ಹಿಂಬದಿ ಲ್ಯಾಮಿನೇಟ್ (ಪದರ ಅಂಟಿಸಿದ ಹಲಗೆ) ಇರುವುದನ್ನೇ ತಂದೆ. ಗೋಡೆಗೆ ತೂಗುಹಾಕಲ್ಲ, ನುಡಿಸಿದ ಮೇಲೆ ಕೇಸಿಗೆ ಹಾಕಿ ಮುಚ್ಚುತ್ತೇನೆ.

ಮನೆಗೆ ಬಂದು 12ರ ದಪ್ಪದ ತಂತಿ ಬಿಚ್ಚಿ, ಅದಕ್ಕಿಂತ ತೆಳುವಾದ 11ರದ್ದು ಹಾಕಿದೆ. ಬೇಸ್ ಇನ್ನೂ ತುಸು ಇಳಿಯಿತು, ನನಗೆ ಅದೇ ಬೇಕಿತ್ತು. ಭಜನೆಯಲ್ಲಿ ತಬಲಾ, ತಾಳದ ಜೊತೆ ಕೂತರೆ ಮಾತ್ರ ಈ ಗಿಟಾರ್ ಕೇಳಿಸೋದೇ ಇಲ್ಲ. ಅಂಥ ದಿನ ಸುಮ್ನೆ ಮೈಕ್ ಮುಂದಿಟ್ಟುಕೊಳ್ಳುತ್ತೇನೆ.