ನಮೂನೆ 6 ಕೊಟ್ಟು ರಸೀದಿ ಇಸ್ಕೊಂಡ ಕತೆ

2020ರ ಬೇಸಿಗೆ, ಲಾಕ್‌ಡೌನ್ ಸಮಯ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದಿದ್ದರು. ಕೈಯಲ್ಲಿ ಕಾಸಿಲ್ಲ. ಉದ್ಯೋಗ ಖಾತ್ರಿಯಲ್ಲಿ ಆಗ ನಮ್ಮ ರಾಜ್ಯದ ದಿನಗೂಲಿ 275 ರೂಪಾಯಿ. ಪಂಚಾಯಿತಿಗೆ ಹೋಗಿ ಕೇಳಿದರೆ, ‘ಕೆಲಸ ಬಂದಾಗ ಹೇಳ್ತೀವಿ, ಹೋಗಿ’ ಅಂದರು. ಎರಡು ಸಲ ಸುಮ್ನೆ ವಾಪಸ್ ಬಂದೆವು.

ತಪ್ಪು ನಮ್ಮದೂ ಇತ್ತು. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕ ಎಲ್ಲಿರುತ್ತೆ? ಮೂರನೇ ಸಲ ನಮೂನೆ 6, ಅಂದರೆ ಕೆಲಸ ಕೇಳೋ ಅರ್ಜಿ, ತುಂಬಿಕೊಂಡು ಹೋದೆವು. ಹೆಸರು, ಜಾಬ್ ಕಾರ್ಡ್ ನಂಬರು, ಯಾವತ್ತಿಂದ ಎಷ್ಟು ದಿನ ಕೆಲಸ ಬೇಕು ಅಂತ ಬರೆಯೋದು, ಅಷ್ಟೇ. ಅರ್ಜಿ ತಗೊಂಡರು, ರಸೀದಿ ಕೊಡಲಿಲ್ಲ.

‘ಕೊಟ್ಟಾಯ್ತಲ್ಲ, ಇನ್ನೇನಕ್ಕಾ?’ ಅಂದ ಅಲ್ಲಿದ್ದ ಹುಡುಗ.

‘ತಾರೀಖು ಹಾಕಿ ಸೀಲ್ ಒತ್ತಿ ಕೊಡಪ್ಪಾ. ಅಲ್ಲೀತನಕ ಇಲ್ಲೇ ಕೂತಿರ್ತೀವಿ.’

ಮೂಗಿಗೆ ಸೆರಗು ಮುಚ್ಚಿಕೊಂಡು, ದೂರದೂರ ಕೂತೆವು, ಹದಿನೆಂಟು ಜನ. ಊಟದ ಹೊತ್ತಿಗೆ ಸೀಲ್ ಬಿತ್ತು.

ಒಂದು ತಾರೀಖಿಗೆ ಅಷ್ಟು ಹಠ ಯಾಕೆ ಅಂದರೆ, ಆಗಿನ ಕಾನೂನಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧ. ಆಗ ಕೂಲಿ ದುಡ್ಡು ಕೇಂದ್ರದ್ದು, ಭತ್ಯೆ ಮಾತ್ರ ರಾಜ್ಯದ ಜೇಬಿಂದ ಹೋಗಬೇಕಿತ್ತು. ಅದಕ್ಕೇ ಸೀಲ್ ಒತ್ತೋಕೆ ಅಷ್ಟು ಸಂಕಟ ಅಂತ ನನ್ನ ಲೆಕ್ಕ. 11ನೇ ದಿನ ಕೆರೆ ಹೂಳೆತ್ತೋ ಕೆಲಸಕ್ಕೆ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆದರು.

ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಮೊದಲ ವಾರದ ಕೂಲಿ ಬಂದಾಗ ನೋಡಿದರೆ 275 ಇಲ್ಲ, ಕಮ್ಮಿ. ಬರೀ ಹಾಜರಿ ಹಾಕಿದರೆ ಸಾಲದು, ಅಗೆದ ಮಣ್ಣಿನ ಅಳತೆ ಮೇಲೆ ಕೂಲಿ. ನಾವು ಇಡೀ ಗುಂಡಿ ಸಪಾಟು ಮಾಡಿಬಿಟ್ಟಿದ್ದೆವು. ಮೊದಲು ನೆಲ ಎಷ್ಟು ಎತ್ತರ ಇತ್ತು ಅನ್ನೋದಕ್ಕೆ ಗುರುತೇ ಇಲ್ಲ! ಎರಡನೇ ವಾರ ಪ್ರತಿ ಗುಂಡಿ ಮಧ್ಯೆ ಒಂದು ಮೊಳ ಅಗಲದ ಮಣ್ಣಿನ ದಿಣ್ಣೆ ಹಾಗೇ ಬಿಟ್ಟೆವು, ತಲೆ ಮೇಲಿನ ಗರಿಕೆ ಸಮೇತ. ಎಂಜಿನಿಯರ್ ಬಂದಾಗ ಟೇಪಿನ ಇನ್ನೊಂದು ತುದಿ ನಾನೇ ಹಿಡಿದೆ. ಆ ವಾರ 275 ಪೂರ್ತಿ ಬಂತು.